ದೋಸೆ ಹಿಟ್ಟಿನ ಹುಳಿಯೂ ಓಟಗಾರನ ಕಾಲುನೋವೂ

ಪ್ರಶ್ನೆ: ಡಾಕ್ಟರೇ, ನಾವು ಕಾರ್ಕಳದ ಕಡೆಯವರು. ಹದಿನೇಳು ವರ್ಷದ ಮಗ ಪಿಯುಸಿ ಓದುತ್ತಿದ್ದಾನೆ, 400 ಮೀಟರ್ ಓಡುತ್ತಾನೆ. ಶನಿವಾರ ಉಡುಪಿಯ ಅಜ್ಜರಕಾಡು ಕ್ರೀಡಾಂಗಣದಲ್ಲಿ ಅಭ್ಯಾಸ, ಉಳಿದ ದಿನ ಊರಿನಲ್ಲೇ. ಒಂದು ತಿಂಗಳಿಂದ ಹೊಸ ತರಬೇತುದಾರರು ವಾರಕ್ಕೆ ಎರಡು ಸಂಜೆ ಗುಡ್ಡದ ಮೆಟ್ಟಿಲು ಹತ್ತಿಸಿ ಇಳಿಸುತ್ತಿದ್ದಾರೆ. ಆ ರಾತ್ರಿ ಏನೂ ಇರುವುದಿಲ್ಲ. ಮರುದಿನ ಮತ್ತು ಅದರಾಚೆಯ ದಿನ ತೊಡೆ ಹಿಡಿದುಕೊಂಡು, ಮಹಡಿಯ ಮೆಟ್ಟಿಲನ್ನು ಹಿಮ್ಮುಖವಾಗಿ ಇಳಿಯುತ್ತಾನೆ. ‘ಆಮ್ಲಜನಕ ಸಾಲದೆ ಕಾಲಿನಲ್ಲಿ ಲ್ಯಾಕ್ಟಿಕ್ ಆಮ್ಲ ತುಂಬಿದೆ, ಅದನ್ನು ಹೊರಗೆ ಹಾಕಬೇಕು’ ಎನ್ನುತ್ತಾರೆ ಸುತ್ತಲಿನವರು. ಒಬ್ಬರು ಅಡುಗೆ ಸೋಡಾ ಕುಡಿಸಿ ಎಂದರು, ಇನ್ನೊಬ್ಬರು ಆಮ್ಲಜನಕದ ಡಬ್ಬಿ ತರಿಸಿ ಎಂದರು, ಅವನ ಗೆಳೆಯರು ನೋವಿನ ಮಾತ್ರೆ ನುಂಗಿಯೇ ಓಡುತ್ತಾರಂತೆ. ಎಸ್ಸೆಸ್ಸೆಲ್ಸಿಯ ಮಗಳು ‘ಪುಸ್ತಕದಲ್ಲೂ ಹಾಗೆಯೇ ಇದೆ ಅಮ್ಮಾ’ ಎಂದು ತೋರಿಸಿದಳು. ನಾನು ಇಡ್ಲಿ, ದೋಸೆ ಹಿಟ್ಟು ರುಬ್ಬಿ ಅಂಗಡಿಗಳಿಗೆ ಕೊಡುವವಳು. ಹಿಟ್ಟು ಹುಳಿ ಬರುವುದೂ ಅದೇ ಆಮ್ಲದಿಂದ ಎನ್ನುತ್ತಾಳೆ ಅವಳು. ಹಾಗಾದರೆ ಮಗನ ಕಾಲು ಒಳಗೊಳಗೇ ಹುಳಿಯಾಗುತ್ತಿದೆಯೇ? ಆಟಿಯ ಮಳೆಗೆ ಹಿಟ್ಟು ಹುಳಿ ಬಾರದಿದ್ದರೆ ಪಾತ್ರೆಯನ್ನು ಒಲೆಯ ಬಳಿ ಇಡುತ್ತೇನೆ. ಈಗ ಅವನ ಕಾಲಿಗೆ ಬಿಸಿನೀರು ಹಾಕಲೂ ಹೆದರಿಕೆಯಾಗುತ್ತದೆ.

ಉತ್ತರ: ಮಂಗಳೂರಿನಲ್ಲಿ ವೈದ್ಯಕೀಯ ವಿದ್ಯಾರ್ಥಿಗಳಿಗೆ ಶರೀರಕ್ರಿಯಾಶಾಸ್ತ್ರ ಪಾಠ ಮಾಡುತ್ತಾ ಇಪ್ಪತ್ತಾರು ವರ್ಷಗಳಾದವು. ಕ್ರೀಡಾಕೂಟಗಳ ಕಾಲ ಬಂದಾಗಲೆಲ್ಲ ಲ್ಯಾಕ್ಟಿಕ್ ಆಮ್ಲದ ಪ್ರಶ್ನೆ ಒಂದಾದರೂ ಬರುತ್ತದೆ. ಆದರೆ ಅದನ್ನು ಹಿಟ್ಟಿನ ಪಾತ್ರೆಯ ಪಕ್ಕದಲ್ಲಿಟ್ಟು ಕೇಳಿದವರು ನೀವೇ ಮೊದಲು. ನಿಮ್ಮ ಹೋಲಿಕೆ ಅರ್ಧ ಸರಿ. ಅದು ಎಲ್ಲಿ ತಪ್ಪುತ್ತದೋ ಅಲ್ಲೇ ನಿಮ್ಮ ಹೆದರಿಕೆಗೆ ಉತ್ತರವೂ ಇದೆ.

ಮೊದಲು ನೇರವಾಗಿ ಹೇಳಿಬಿಡುತ್ತೇನೆ. ಮಗನ ಕಾಲು ಹುಳಿಯಾಗಿಲ್ಲ. ಎರಡನೆಯ ದಿನದ ಆ ನೋವಿಗೂ ಲ್ಯಾಕ್ಟಿಕ್ ಆಮ್ಲಕ್ಕೂ ಸಂಬಂಧವಿಲ್ಲ. ಅವನಿಗೆ ನೋವು ತರುತ್ತಿರುವುದು ಮೆಟ್ಟಿಲು ಹತ್ತುವುದಕ್ಕಿಂತ ಹೆಚ್ಚಾಗಿ ಇಳಿಯುವುದು.

ಸರಿಯಾದ ಅರ್ಧ ಯಾವುದು? ಜೀವಿ ಯಾವುದೇ ಇರಲಿ, ನಿಮ್ಮ ಮಗನಿರಲಿ, ಹಿಟ್ಟಿನೊಳಗಿನ ಸೂಕ್ಷ್ಮಜೀವಿಯಿರಲಿ, ಸಕ್ಕರೆಯಿಂದ ಶಕ್ತಿ ತೆಗೆಯುವ ಕೆಲಸ ಹೆಚ್ಚುಕಡಿಮೆ ಒಂದೇ ರೀತಿಯಲ್ಲಿ ಶುರುವಾಗುತ್ತದೆ. ಗ್ಲೂಕೋಸಿನ ಒಂದು ಅಣು ಮುರಿದು ಪೈರುವೇಟ್ ಎಂಬ ಸಣ್ಣ ಅಣುಗಳಾಗುತ್ತದೆ. ಈ ಹಂತಕ್ಕೆ ಆಮ್ಲಜನಕ ಬೇಡ. ಇದರಲ್ಲಿ ಸಿಗುವ ಲಾಭ ನಮ್ಮ ಸ್ನಾಯುವಿಗೆ ಎರಡು ಎಟಿಪಿ. ಎಟಿಪಿ ಎಂದರೆ ಕೋಶದೊಳಗೆ ಕೆಲಸ ನಡೆಸುವ ಶಕ್ತಿಯ ಅಣು. ಅದನ್ನು ಹೆಚ್ಚು ಕೂಡಿಡಲು ಆಗುವುದಿಲ್ಲ, ಮಾಡಿದ ಹಾಗೆಯೇ ಖರ್ಚು ಮಾಡಬೇಕು. ಸುಮ್ಮನೆ ಕುಳಿತ ಮನುಷ್ಯನ ದೇಹವೂ ದಿನಕ್ಕೆ ಹೆಚ್ಚುಕಡಿಮೆ ತನ್ನ ತೂಕದಷ್ಟೇ ಎಟಿಪಿಯನ್ನು ಮಾಡಿ, ಮುರಿದು, ಮತ್ತೆ ಮಾಡುತ್ತದೆ.

ದಾರಿ ಕವಲೊಡೆಯುವುದು ಆಮೇಲೆ. ಪೈರುವೇಟ್, ಕೋಶದೊಳಗಿನ ಪುಟ್ಟ ಒಲೆಯಂತಿರುವ ಮೈಟೊಕಾಂಡ್ರಿಯದೊಳಗೆ ಹೋಗಿ ಆಮ್ಲಜನಕದೊಂದಿಗೆ ಪೂರ್ತಿ ಸುಟ್ಟರೆ ಇಂಗಾಲದ ಡೈಆಕ್ಸೈಡ್ ಮತ್ತು ನೀರು ಮಾತ್ರ ಉಳಿಯುತ್ತವೆ, ಒಂದು ಗ್ಲೂಕೋಸಿಗೆ ಒಟ್ಟು 30ರಿಂದ 32 ಎಟಿಪಿ ಸಿಗುತ್ತದೆ. ಇದು ವಾಯುವಿಕ ಉಸಿರಾಟ. (ಮಗಳ ಟಿಪ್ಪಣಿಯಲ್ಲಿ 36 ಅಥವಾ 38 ಎಂದಿದ್ದರೆ ಅದು ಹಳೆಯ ಲೆಕ್ಕ.) ಒಳಗೆ ಹೋಗದೆ ಹೊರಗೇ ಉಳಿದರೆ ಪೈರುವೇಟ್ ನಮ್ಮ ಸ್ನಾಯುವಿನಲ್ಲಿ ಲ್ಯಾಕ್ಟೇಟ್ (ಲ್ಯಾಕ್ಟಿಕ್ ಆಮ್ಲ ದೇಹದೊಳಗೆ ಇರುವ ರೂಪ) ಆಗುತ್ತದೆ, ಯೀಸ್ಟಿನಲ್ಲಿ ಮದ್ಯಸಾರವೂ ಅನಿಲವೂ ಆಗುತ್ತದೆ. ನಮ್ಮ ಮೂರ್ತೆದಾರರು ಬೆಳಿಗ್ಗೆ ಇಳಿಸಿದ ಸಿಹಿ ರಸ ಮಧ್ಯಾಹ್ನದೊಳಗೆ ಕಳ್ಳಾಗುವುದು ಹೀಗೆ. ಮಡಕೆಯ ಒಳಗೆ ಸುಣ್ಣ ಬಳಿದರೆ ಆ ಜೀವಿಗಳ ಆಟ ನಡೆಯುವುದಿಲ್ಲ, ನೀರಾ ಸಿಹಿಯಾಗಿಯೇ ಉಳಿಯುತ್ತದೆ.

ನಿಮ್ಮ ಪಾತ್ರೆಯೊಳಗೆ ದುಡಿಯುವವರಲ್ಲಿ ಮುಖ್ಯವಾದದ್ದು ಲ್ಯೂಕೊನೊಸ್ಟಾಕ್ ಎಂಬ ಬ್ಯಾಕ್ಟೀರಿಯ. ಉದ್ದಿನಬೇಳೆಯ ಜೊತೆಗೇ ಬರುತ್ತದೆ. ಸಕ್ಕರೆ ಒಡೆದು ಲ್ಯಾಕ್ಟಿಕ್ ಆಮ್ಲವನ್ನೂ ಅನಿಲವನ್ನೂ ಬಿಡುತ್ತದೆ. ಹುಳಿ ಮೊದಲನೆಯದರಿಂದ, ಉಬ್ಬು ಎರಡನೆಯದರಿಂದ. ಇಲ್ಲೊಂದು ಸ್ವಾರಸ್ಯವಿದೆ. ಗಾಳಿ ಸಿಗದೆ ಅದು ಹೀಗೆ ಮಾಡುತ್ತದೆ ಎಂದು ಭಾವಿಸಬೇಡಿ. ಆಮ್ಲಜನಕ ಬಳಸಿ ಸಕ್ಕರೆ ಸುಡುವ ಒಲೆಯೇ ಅದಕ್ಕಿಲ್ಲ. ಮುಚ್ಚಳ ಹಾಕಿದರೂ ತೆರೆದಿಟ್ಟರೂ ಹಿಟ್ಟು ಹುಳಿ ಬರುವುದನ್ನು ನೀವು ನೋಡಿಯೇ ಇರುತ್ತೀರಿ.

ಮಗನ ಕಾಲಿನಲ್ಲಿ ಹಾಗಲ್ಲ. ಅಲ್ಲಿ ಒಲೆಯೂ ಇದೆ, ಗಾಳಿಯೂ ಇದೆ. ಇಲ್ಲದಿರುವುದು ಸಮಯ. 2020ರ ಫೆಬ್ರವರಿಯಲ್ಲಿ ಐಕಳದ ಕಂಬಳದಲ್ಲಿ ಶ್ರೀನಿವಾಸ ಗೌಡರು ಕೋಣಗಳ ಹಿಂದೆ 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿದಾಗ ಉಸೇನ್ ಬೋಲ್ಟ್ ಹೋಲಿಕೆಯ ಗದ್ದಲ ಎದ್ದಿತ್ತಲ್ಲ? ಕೋಣ ಎಳೆದುಕೊಂಡು ಹೋಗುವ ಓಟವನ್ನು ಸ್ವಂತ ಕಾಲಬಲದ ಓಟದೊಂದಿಗೆ ತೂಗುವುದು ನನಗೆ ಒಪ್ಪಿಗೆಯಿಲ್ಲ, ಆ ಮಾತು ಇರಲಿ. ಶ್ವಾಸಕೋಶದಿಂದ ರಕ್ತಕ್ಕೆ, ರಕ್ತದಿಂದ ತೊಡೆಗೆ, ತೊಡೆಯಿಂದ ಮೈಟೊಕಾಂಡ್ರಿಯಕ್ಕೆ ಆಮ್ಲಜನಕದ ಪೂರೈಕೆ ಆ ವೇಗಕ್ಕೆ ತಕ್ಕಂತೆ ಏರುವ ಹೊತ್ತಿಗೆ ಕಂಬಳದ ಓಟ ಮುಗಿದಿರುತ್ತದೆ. ಮೊದಲ ಎರಡು ಮೂರು ಸೆಕೆಂಡು ಇದ್ದ ಎಟಿಪಿ, ಹತ್ತು ಸೆಕೆಂಡಿನವರೆಗೆ ಕ್ರಿಯಾಟಿನ್ ಫಾಸ್ಫೇಟ್ ಎಂಬ ಮೀಸಲು, ಅದರ ಜೊತೆಜೊತೆಗೇ ಪೈರುವೇಟನ್ನು ಲ್ಯಾಕ್ಟೇಟ್ ಮಾಡುವ ಆ ತುರ್ತು ದಾರಿ. ತುರ್ತು ದಾರಿಯಲ್ಲಿ ಒಂದು ಗ್ಲೂಕೋಸಿಗೆ ಸಿಗುವುದು ಎರಡೇ ಆದರೂ ಬಹಳ ಬೇಗ ಸಿಗುತ್ತದೆ. ನಿಮ್ಮ ಮಗನ 400 ಮೀಟರ್ ಇದಕ್ಕಿಂತ ಕಠಿಣ. ಸುಮಾರು ಒಂದು ನಿಮಿಷ ಆ ದಾರಿಯನ್ನು ಅಂಚಿನವರೆಗೆ ದುಡಿಸಬೇಕು. ಆಗಲೂ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ಶಕ್ತಿ ಆಮ್ಲಜನಕದ ದಾರಿಯಿಂದಲೇ ಬರುತ್ತಿರುತ್ತದೆ. ಒಂದು ದಾರಿ ಮುಚ್ಚಿ ಇನ್ನೊಂದು ತೆರೆಯುವುದಲ್ಲ. ಎರಡೂ ಒಟ್ಟಿಗೆ ಓಡುತ್ತವೆ.

ಹಾಗಾದರೆ ಲ್ಯಾಕ್ಟೇಟ್ ಕಸವೇ? ಬಸ್ಸು ಬಂದೇ ಬಿಟ್ಟಿತು ಎನ್ನುವಾಗ ಸೀಯಾಳ ಕುಡಿಯುವವನನ್ನು ನೋಡಿ. ಗಟಗಟ ನೀರು ಕುಡಿದು, ಬುರುಡೆಯನ್ನು ಅಂಗಡಿಯವನ ಮುಂದೆಯೇ ಇಟ್ಟು ಓಡುತ್ತಾನೆ. ಎಳೆ ತಿರುಳು ಒಳಗೇ ಇದೆ. ಅವನಿಗೆ ಹೊತ್ತಿಲ್ಲ ಅಷ್ಟೆ. ಲ್ಯಾಕ್ಟೇಟ್ ಆ ಬುರುಡೆ. ಗ್ಲೂಕೋಸಿನ ಶಕ್ತಿಯ ಬಹುಪಾಲು ಇನ್ನೂ ಅದರಲ್ಲೇ ಇರುತ್ತದೆ. ರಕ್ತದಲ್ಲಿ ಹರಿದು ಬಂದ ಅದನ್ನು ಹೃದಯ ಸಂತೋಷದಿಂದ ಸುಟ್ಟುಕೊಳ್ಳುತ್ತದೆ, ನಿಧಾನವಾಗಿ ದುಡಿಯುವ ಬೇರೆ ಸ್ನಾಯುಗಳು ತೆಗೆದುಕೊಳ್ಳುತ್ತವೆ, ಪಿತ್ತಜನಕಾಂಗ ಅದನ್ನು ಮತ್ತೆ ಗ್ಲೂಕೋಸ್ ಮಾಡಿ ಕಳಿಸುತ್ತದೆ. ಈ ಕೊನೆಯ ಸುತ್ತನ್ನು ಕಂಡುಹಿಡಿದ ಕಾರ್ಲ್ ಮತ್ತು ಗರ್ಟಿ ಕೋರಿ ದಂಪತಿಗೆ 1947ರಲ್ಲಿ ನೊಬೆಲ್ ಬಂತು.

ನಿಮ್ಮ ಹೋಲಿಕೆ ತಪ್ಪುವುದು ಇಲ್ಲೇ. ಹಿಟ್ಟಿನ ಪಾತ್ರೆಗೆ ಹೃದಯವಿಲ್ಲ. ಬಿಟ್ಟ ಆಮ್ಲ ಅಲ್ಲೇ ಕೂಡುತ್ತಾ ಹೋಗುತ್ತದೆ. ಕಾಲಿನಲ್ಲಿ ರಕ್ತ ಹರಿಯುತ್ತದೆ. ವಿಶ್ರಾಂತಿಯಲ್ಲಿ ಲೀಟರ್ ರಕ್ತಕ್ಕೆ ಸುಮಾರು 1 ಮಿಲಿಮೋಲ್ ಇರುವ ಲ್ಯಾಕ್ಟೇಟ್, ಜೀವ ಬಿಟ್ಟು ಓಡಿದ 400 ಮೀಟರಿನ ನಂತರ 15, 20ರವರೆಗೂ ಏರಬಹುದು. ಒಂದು ಗಂಟೆ, ಹೆಚ್ಚೆಂದರೆ ಇನ್ನೂ ಸ್ವಲ್ಪ ಹೊತ್ತು. ಮತ್ತೆ ಮೊದಲಿನ ಮಟ್ಟದ ಹತ್ತಿರಕ್ಕೆ ಇಳಿಯುತ್ತದೆ. ಮಗ ಮನೆಗೆ ಬಂದು ಗಂಜಿ ಉಣ್ಣುವ ಹೊತ್ತಿಗೆ ಅದು ಮುಗಿದ ಕಥೆ. ಮರುದಿನ ‘ಹೊರಗೆ ಹಾಕಲು’ ಅಲ್ಲಿ ಏನೂ ಇರುವುದಿಲ್ಲ.

ಹುಳಿಯ ಮಟ್ಟವನ್ನೂ ನೋಡೋಣ. ಆಮ್ಲೀಯತೆ ಅಳೆಯುವ ಪಿಎಚ್‌ನಲ್ಲಿ ಒಂದಂಕಿ ಇಳಿದರೆ ಹುಳಿ ಹತ್ತು ಪಟ್ಟು ಏರಿತೆಂದು ಅರ್ಥ. ಚೆನ್ನಾಗಿ ಹುಳಿ ಬಂದ ಹಿಟ್ಟಿನ ಪಿಎಚ್ ಸುಮಾರು 4.5. ಸ್ನಾಯುವಿನದು ಸಾಮಾನ್ಯವಾಗಿ 7ರ ಆಸುಪಾಸು, ಅತಿ ಕಠಿಣ ಓಟದ ಕೊನೆಯಲ್ಲಿ 6.5ರ ಹತ್ತಿರಕ್ಕೆ ಬರುತ್ತದೆ. ಅಂದರೆ ನಿಮ್ಮ ಹಿಟ್ಟು ಅದಕ್ಕಿಂತ ನೂರು ಪಟ್ಟು ಹುಳಿ. 6.5 ಎಂದರೆ ಹೆಚ್ಚುಕಡಿಮೆ ಆಗ ತಾನೇ ಕರೆದ ಹಾಲು. ಅದನ್ನು ಹುಳಿ ಎಂದರೆ ಹಾಲು ಕೊಡುವವರು ಜಗಳಕ್ಕೆ ಬರುತ್ತಾರೆ.

ಇನ್ನು ನೋವಿನ ವಿಷಯ. ‘ಕಾಲುನೋವು’ ಎಂಬ ಒಂದೇ ಮಾತಿನಲ್ಲಿ ಮೂರು ಬೇರೆ ಬೇರೆ ಸಂಗತಿಗಳು ಸೇರಿಕೊಂಡಿವೆ, ಗೊಂದಲವೆಲ್ಲ ಅಲ್ಲಿಂದಲೇ.

ಓಡುತ್ತಿರುವಾಗಿನ ಉರಿ ಒಂದು. ಇದನ್ನು ನೀವೇ ಅಡುಗೆಮನೆಯಲ್ಲಿ ನಿಂತು ನೋಡಬಹುದು. ನನ್ನ ವಿದ್ಯಾರ್ಥಿಗಳಿಗೆ ಮೊದಲ ವರ್ಷ ನಾನು ಮಾಡಿಸುವುದೂ ಇದನ್ನೇ. ಒಂದು ಕೈ ತಲೆಯ ಮೇಲೆ ನೇರವಾಗಿ ಎತ್ತಿ, ಮುಷ್ಟಿಯನ್ನು ಬಿರುಸಾಗಿ ಮುಚ್ಚಿ ತೆರೆಯುತ್ತಿರಿ. ಒಂದು ನಿಮಿಷದ ಆಚೀಚೆ ಮುಂಗೈ ಉರಿಯತೊಡಗುತ್ತದೆ, ಬೆರಳು ಮಾತು ಕೇಳುವುದಿಲ್ಲ. ಈಗ ಕೈ ಇಳಿಬಿಡಿ. ಸ್ವಲ್ಪ ಹೊತ್ತಿನಲ್ಲೇ ಉರಿ ಎಲ್ಲಿತ್ತು ಎಂದು ಹುಡುಕಬೇಕು. ಈ ಉರಿಯಲ್ಲಿ ಸ್ನಾಯುವಿನೊಳಗಿನ ಆಮ್ಲೀಯತೆಗೂ ಇತರ ಕೆಲವು ರಾಸಾಯನಿಕಗಳಿಗೂ ಪಾಲಿದೆ. ‘ಸ್ವಲ್ಪ ನಿಧಾನ’ ಎಂದು ದೇಹ ಹೇಳುವ ಮಾತು ಅದು. ಮರುದಿನದವರೆಗೆ ಉಳಿಯುವಂಥದ್ದಲ್ಲ.

ಎರಡನೆಯದು ಮೀನಖಂಡ ಹಿಡಿದುಕೊಳ್ಳುವ ಸೆಡೆತ. ದಣಿದ ಸ್ನಾಯುವಿಗೆ ನರ ತಪ್ಪಾಗಿ ಸಂದೇಶ ಕಳಿಸುವುದು ಇದರಲ್ಲಿ ದೊಡ್ಡ ಕಾರಣ, ಕೆಲವರಲ್ಲಿ ಬೆವರಿನಲ್ಲಿ ಹೋದ ಉಪ್ಪೂ ಸೇರುತ್ತದೆ. ಹಿಡಿದ ಸ್ನಾಯುವನ್ನು ಮೆಲ್ಲಗೆ ಎಳೆದು ಹಿಡಿದರೆ ಬಿಡುತ್ತದೆ.

ಮಗನದು ಮೂರನೆಯದು. ಹನ್ನೆರಡು, ಇಪ್ಪತ್ತನಾಲ್ಕು ಗಂಟೆ ಬಿಟ್ಟು ಬರುತ್ತದೆ, ಎರಡನೆಯ ಅಥವಾ ಮೂರನೆಯ ದಿನ ಉತ್ತುಂಗಕ್ಕೇರುತ್ತದೆ, ಆಮೇಲೆ ತಾನೇ ಇಳಿಯುತ್ತದೆ. ನೀವು ಬರೆದ ‘ಹಿಮ್ಮುಖವಾಗಿ ಇಳಿಯುತ್ತಾನೆ’ ಎಂಬ ಒಂದು ಸಾಲು ಸಾಕಾಯಿತು ನನಗೆ. ಆಗುಂಬೆ ಘಾಟಿ ಹತ್ತುವ ಬಸ್ಸಿನಲ್ಲಿ ದುಡಿಯುವುದು ಎಂಜಿನ್, ಇಳಿಯುವ ಬಸ್ಸಿನಲ್ಲಿ ಸವೆಯುವುದು ಬ್ರೇಕ್. ಮೆಟ್ಟಿಲು ಇಳಿಯುವಾಗ ತೊಡೆಯ ಮುಂಭಾಗದ ಸ್ನಾಯು ಬ್ರೇಕ್ ಆಗುತ್ತದೆ. ಮೈಯ ಭಾರ ಹೊತ್ತುಕೊಂಡೇ ಅದು ಉದ್ದವಾಗಬೇಕು. ಅಭ್ಯಾಸವಿಲ್ಲದಿದ್ದರೆ ಎಳೆಗಳೊಳಗೆ ಬರಿಗಣ್ಣಿಗೆ ಕಾಣದಷ್ಟು ಸಣ್ಣ ಬಿರುಕುಗಳಾಗುತ್ತವೆ. ಅವನ್ನು ಸರಿಪಡಿಸಲು ಬರುವ ಉರಿಯೂತದ ನೋವು ಇದು. ಹತ್ತುವಾಗ ಏದುಸಿರು ಬರುತ್ತದೆ, ಲ್ಯಾಕ್ಟೇಟ್ ಏರುತ್ತದೆ, ಇಳಿಯುವಾಗ ಹಾಯೆನಿಸುತ್ತದೆ. ಲೆಕ್ಕ ಚುಕ್ತಾ ಮಾಡುವುದು ಮಾತ್ರ ಇಳಿತ.

1983ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಇದನ್ನೇ ಪರೀಕ್ಷಿಸಿದರು. ಸಮತಟ್ಟಿನಲ್ಲಿ ಓಡಿದಾಗ ಲ್ಯಾಕ್ಟಿಕ್ ಆಮ್ಲ ಏರಿತು, ಮರುದಿನ ನೋವು ಬರಲಿಲ್ಲ. ಇಳಿಜಾರಿನಲ್ಲಿ ಓಡಿದಾಗ ಆಮ್ಲ ಏರಲಿಲ್ಲ, ನೋವು ಚೆನ್ನಾಗಿಯೇ ಬಂತು. ಇದಕ್ಕಿಂತ ಗಟ್ಟಿ ಸಾಕ್ಷಿ ಬೇಕೆನ್ನುವ ವಿದ್ಯಾರ್ಥಿಗಳಿಗೆ ನಾನು 1951ರಲ್ಲಿ ಮೆಕಾರ್ಡಲ್ ಎಂಬ ವೈದ್ಯರು ವಿವರಿಸಿದ ಅಪರೂಪದ ಹುಟ್ಟುರೋಗವನ್ನು ತೋರಿಸುತ್ತೇನೆ. ಸ್ನಾಯುವಿನಲ್ಲಿ ಕೂಡಿಟ್ಟ ಸಕ್ಕರೆಯನ್ನು ಒಡೆಯುವ ಕಿಣ್ವ ಇವರಿಗಿಲ್ಲ. ಹಾಗಾಗಿ ದುಡಿಮೆಯಲ್ಲಿ ಲ್ಯಾಕ್ಟೇಟ್ ಏರುವುದೇ ಇಲ್ಲ. ನೋವೂ ಸೆಡೆತವೂ ಇವರನ್ನು ಕಾಡುವಷ್ಟು ಸಾಮಾನ್ಯ ಓಟಗಾರನನ್ನು ಎಂದೂ ಕಾಡುವುದಿಲ್ಲ. ಆಮ್ಲವೇ ಅಪರಾಧಿಯಾಗಿದ್ದರೆ ಇವರು ಎಲ್ಲರಿಗಿಂತ ಸುಖವಾಗಿರಬೇಕಿತ್ತು.

ಮತ್ತೆ ಈ ಮಾತು ಬಂದದ್ದೆಲ್ಲಿಂದ? 1907ರಲ್ಲಿ ಕೇಂಬ್ರಿಜ್‌ನಲ್ಲಿ ಫ್ಲೆಚರ್ ಮತ್ತು ಹಾಪ್ಕಿನ್ಸ್ ಕಪ್ಪೆಯ ಸ್ನಾಯುವನ್ನು ದೇಹದಿಂದ ಬೇರ್ಪಡಿಸಿ ದಣಿಸಿದರು. ಆಮ್ಲಜನಕವಿಲ್ಲದಾಗ ಲ್ಯಾಕ್ಟಿಕ್ ಆಮ್ಲ ಕೂಡಿತು. ಆಮ್ಲಜನಕ ಕೊಟ್ಟಾಗ ಅದು ಕರಗಿಹೋಯಿತು, ಇದನ್ನೂ ಅವರೇ ಬರೆದಿದ್ದಾರೆ. ಜಗತ್ತು ಮೊದಲ ಸಾಲು ಓದಿ ಪುಸ್ತಕ ಮುಚ್ಚಿತು.

ಈಗ ಏನು ಮಾಡಬೇಕು ಎಂಬುದಕ್ಕೆ ಬರುತ್ತೇನೆ. ಅಡುಗೆ ಸೋಡಾದ ಸಲಹೆ ಪೂರ್ತಿ ಮೂರ್ಖತನವಲ್ಲ. ಅರ್ಧ ನಿಮಿಷದಿಂದ ಹತ್ತು ನಿಮಿಷದವರೆಗಿನ ಬಿರುಸಿನ ಸ್ಪರ್ಧೆಗಳ ಮುಂಚೆ ಅಳತೆ ನೋಡಿ ತೆಗೆದುಕೊಂಡರೆ ವೇಗಕ್ಕೆ ತುಸು ಸಹಾಯವಾಗುವುದು ಉಂಟು. ಅದು ಓಟದ ಮುಂಚಿನ ಮಾತು, ಮರುದಿನದ ನೋವಿಗೆ ಏನೂ ಮಾಡುವುದಿಲ್ಲ. ಬೇಕಾಗುವ ಪ್ರಮಾಣದಲ್ಲಿ ಹೊಟ್ಟೆ ಉಬ್ಬರ, ವಾಂತಿ, ಭೇದಿ ಸಾಮಾನ್ಯ, ಸೋಡಿಯಂ ಹೊರೆ ಬೇರೆ. ಹದಿನೇಳರ ಹುಡುಗನಿಗೆ ನಾನು ಕೊಡುವುದಿಲ್ಲ. ಆಮ್ಲಜನಕದ ಡಬ್ಬಿ ಕೊಳ್ಳುವ ದುಡ್ಡಿನಲ್ಲಿ ಒಳ್ಳೆಯ ಶೂ ತೆಗೆದುಕೊಡಿ. ನಮ್ಮ ಕರಾವಳಿಯಲ್ಲಿ ಆರೋಗ್ಯವಂತನ ರಕ್ತ ಈಗಾಗಲೇ ನೂರಕ್ಕೆ 97, 98ರಷ್ಟು ಆಮ್ಲಜನಕದಿಂದ ತುಂಬಿರುತ್ತದೆ, ಇನ್ನೂ ತುಂಬಿಸಲು ಜಾಗವೆಲ್ಲಿದೆ?

ನನಗೆ ನಿಜವಾಗಿ ಹೆದರಿಕೆಯಾಗುವುದು ಆ ಗೆಳೆಯರ ಮಾತ್ರೆಯ ಬಗ್ಗೆ. ಐಬುಪ್ರೊಫೆನ್, ಡೈಕ್ಲೊಫೆನಾಕ್ ಜಾತಿಯ ಮಾತ್ರೆಗಳು ಮೂತ್ರಪಿಂಡಕ್ಕೆ ಹೋಗುವ ರಕ್ತವನ್ನು ಕಡಿಮೆ ಮಾಡಬಲ್ಲವು. ನಮ್ಮ ಸೆಖೆಯಲ್ಲಿ ಬೆವರಿ ನೀರು ಕಡಿಮೆಯಾದ ದೇಹಕ್ಕೆ ಓಟದ ಮುಂಚೆ ಇದನ್ನು ಕೊಡುವುದು ಅಪಾಯವನ್ನು ಕರೆದು ಕೂರಿಸಿದಂತೆ. ತೀರಾ ನಿದ್ದೆ ಕೆಡಿಸುವ ನೋವಿದ್ದರೆ ವೈದ್ಯರನ್ನು ಕೇಳಿ ಒಂದೆರಡು ಪ್ಯಾರಾಸಿಟಮಾಲ್ ಸಾಕು.

ಎಣ್ಣೆ ತಿಕ್ಕಿದರೆ ಹಿತವಾಗುತ್ತದೆ, ಮಾಡಿ. ಆಮ್ಲ ಹಿಂಡಿ ತೆಗೆಯುತ್ತಿದ್ದೇವೆ ಎಂದುಕೊಳ್ಳಬೇಡಿ, ಬಾವು ಇರುವಲ್ಲಿ ಒತ್ತಬೇಡಿ. ಸೀಯಾಳ ನೀರಡಿಕೆಗೆ ಒಳ್ಳೆಯದು, ನೋವಿಗೆ ಔಷಧವಲ್ಲ. ನೋವಿನ ದಿನಗಳಲ್ಲಿ ಮಲಗಿಬಿಡುವುದಕ್ಕಿಂತ ಮೆಲ್ಲಗೆ ನಡೆಯುವುದು, ಸೈಕಲ್ ತುಳಿಯುವುದು ಮೇಲು. ಇವೆಲ್ಲಕ್ಕಿಂತ ಪರಿಣಾಮಕಾರಿಯಾದದ್ದು ತರಬೇತುದಾರರ ಕೈಯಲ್ಲಿದೆ. ಒಮ್ಮೆ ಹೀಗೆ ನೊಂದ ಸ್ನಾಯು ಮುಂದಿನ ಕೆಲವು ವಾರ ಅದೇ ಕೆಲಸಕ್ಕೆ ಅಷ್ಟು ನೋಯುವುದಿಲ್ಲ. ತಿಂಗಳಾದರೂ ನೋವು ಇಳಿದಿಲ್ಲವೆಂದರೆ ಪ್ರತಿ ವಾರವೂ ಇಳಿತವನ್ನು ಹೆಚ್ಚಿಸುತ್ತಿದ್ದಾರೆ ಅಥವಾ ಚೇತರಿಕೆಗೆ ದಿನ ಸಾಲುತ್ತಿಲ್ಲ ಎಂದು ನನ್ನ ಊಹೆ. ಎರಡು ವಾರ ಮೆಟ್ಟಿಲನ್ನು ಓಡಿ ಹತ್ತಲಿ, ನಡೆದು ಇಳಿಯಲಿ. ಆಮೇಲೆ ಓಡಿ ಇಳಿಯುವ ಸುತ್ತುಗಳನ್ನು ಒಂದೊಂದಾಗಿ ಸೇರಿಸಲಿ, ಸ್ಪರ್ಧೆಗೆ ಮೂರು ನಾಲ್ಕು ದಿನ ಮುಂಚೆ ಅದನ್ನು ಬಿಟ್ಟುಬಿಡಲಿ. ಇದನ್ನು ಹೇಳಿದರೆ ಒಳ್ಳೆಯ ತರಬೇತುದಾರರು ಬೇಸರಿಸಿಕೊಳ್ಳುವುದಿಲ್ಲ.

ಕಾಯದೆ ವೈದ್ಯರ ಬಳಿ ಹೋಗಬೇಕಾದ ಸಂದರ್ಭಗಳೂ ಇವೆ. ಮೂತ್ರ ಹಾಲು ಹಾಕದ ಚಹಾದ ಬಣ್ಣಕ್ಕೆ ತಿರುಗಿದರೆ ಸ್ನಾಯು ಮಿತಿಮೀರಿ ಒಡೆದು ಅದರ ವರ್ಣಕ ಮೂತ್ರಪಿಂಡವನ್ನು ಕಟ್ಟುತ್ತಿದೆ ಎಂದು ತಿಳಿಯಿರಿ, ಆ ಹೊತ್ತಿಗೇ ಆಸ್ಪತ್ರೆಗೆ ಹೊರಡಿ. ಒಂದೇ ಕಾಲು ಊದಿಕೊಂಡರೆ, ವಾರವಾದರೂ ನೋವು ಇಳಿಯದಿದ್ದರೆ, ಸ್ವಲ್ಪ ಓಡಿದ ಕೂಡಲೇ ಪ್ರತಿಸಲವೂ ಸ್ನಾಯು ಹಿಡಿದರೆ ತೋರಿಸಿ. ಇನ್ನೊಂದು ನಮ್ಮ ಜಿಲ್ಲೆಗಳವರು ಮರೆಯಲೇಬಾರದ್ದು: ಮಳೆಗಾಲದಲ್ಲಿ ಮೀನಖಂಡದ ನೋವಿನೊಂದಿಗೆ ಜ್ವರ ಬಂದು ಕಣ್ಣು ಕೆಂಪಾದರೆ ಅದು ಓಟದ ನೋವಲ್ಲ, ಇಲಿಜ್ವರ ಇರಬಹುದು. ‘ಆಟ ಆಡಿ ಬಂದ ನೋವು’ ಎಂದು ಮೂರು ದಿನ ಕಳೆದು ಬಂದ ಹುಡುಗರನ್ನು ನಾನು ವಾರ್ಡಿನಲ್ಲಿ ನೋಡಿದ್ದೇನೆ.

ಮಗಳಿಗೆ ಎರಡು ಮಾತು. ಪರೀಕ್ಷೆಯಲ್ಲಿ ಪುಸ್ತಕದ ವಾಕ್ಯವನ್ನೇ ಬರೆಯಲಿ, ಅಂಕ ಕೊಡುವವರು ನಾನಲ್ಲ. ಆದರೆ ಹುದುಗುವಿಕೆ (ನಿಮ್ಮ ಹಿಟ್ಟಿನಲ್ಲಿ ಆಗುವಂಥದ್ದು) ಮತ್ತು ಅವಾಯುವಿಕ, ಅಂದರೆ ಆಮ್ಲಜನಕ ಬಳಸದ, ಉಸಿರಾಟ ಒಂದೇ ಎಂದು ಪುಸ್ತಕ ಸೇರಿಸಿ ಹೇಳುವುದನ್ನು ಸೂಕ್ಷ್ಮಜೀವಿಶಾಸ್ತ್ರದವರು ಒಪ್ಪುವುದಿಲ್ಲ ಎಂಬುದು ಅವಳಿಗೆ ಗೊತ್ತಿರಲಿ. ಕುಂದಾಪುರದ ಕಡೆ ನೀರು ಇಳಿದಾಗ ಕಾಂಡ್ಲಾ (ಮ್ಯಾಂಗ್ರೋವ್) ಮರಗಳ ಬುಡದ ಕೆಸರು ಕೊಳೆತ ಮೊಟ್ಟೆಯಂತೆ ನಾರುತ್ತದಲ್ಲ, ಅಲ್ಲಿನ ಬ್ಯಾಕ್ಟೀರಿಯಗಳು ಆಮ್ಲಜನಕದ ಬದಲಿಗೆ ಸಮುದ್ರದ ನೀರಿನ ಸಲ್ಫೇಟನ್ನು ಬಳಸಿ ನಿಜವಾಗಿಯೇ ‘ಉಸಿರಾಡುತ್ತವೆ’. ಅವು ಬಿಟ್ಟ ಉಸಿರಿನ ವಾಸನೆ ಅದು. ನಿಮ್ಮ ಹಿಟ್ಟಿನ ಜೀವಿಗಳು ಉಸಿರಾಡುವುದೇ ಇಲ್ಲ, ಸಕ್ಕರೆ ಮುರಿದು ಕೈತೊಳೆದುಕೊಳ್ಳುತ್ತವೆ. ಅವಳಿಗೆ ಇನ್ನೂ ಕುತೂಹಲವಿದ್ದರೆ, ದೇಹದಲ್ಲಿ ಆಮ್ಲಜನಕ ಹೊತ್ತು ತಿರುಗುವ ಕೆಂಪು ರಕ್ತಕಣ ಅದರಲ್ಲಿ ಒಂದಿಷ್ಟನ್ನೂ ತಾನು ಬಳಸುವುದಿಲ್ಲ ಎಂಬುದನ್ನು ಹೇಳಿ. ಅದಕ್ಕೆ ಮೈಟೊಕಾಂಡ್ರಿಯವೇ ಇಲ್ಲ, ಹಗಲೂ ರಾತ್ರಿ ಲ್ಯಾಕ್ಟೇಟ್ ಮಾಡಿಕೊಂಡೇ ಬದುಕುತ್ತದೆ. ನೀವು ಈ ಪತ್ರ ಬರೆಯುವಾಗಲೂ ನಿಮ್ಮ ಮೈಯಲ್ಲಿ ಅದು ನಡೆದೇ ಇತ್ತು.

ಬಿಸಿನೀರಿನ ಮಾತು ಉಳಿಯಿತು. ಒಲೆಯ ಬಳಿ ಹಿಟ್ಟು ಬೇಗ ಹುಳಿ ಬರುವುದು ಬ್ಯಾಕ್ಟೀರಿಯಕ್ಕೆ ಬೆಚ್ಚಗೆ ಇಷ್ಟವಾದ್ದರಿಂದ. ಮಗನ ತೊಡೆಯಲ್ಲಿ ಅವು ಇಲ್ಲ. ಅವನ ಮೈ ಹೇಗೂ ಸದಾ 37 ಡಿಗ್ರಿ ಇರುತ್ತದೆ. ಕಾಲು ಉಳುಕಿ ಊದಿಕೊಂಡಿದ್ದರೆ ಮೊದಲ ಎರಡು ದಿನ ಬೇಡ, ತಣ್ಣೀರ ಪಟ್ಟಿ ಇಡಿ. ಈಗಿರುವಂಥ ನೋವಿಗೆ ಸಂಜೆ ಬಚ್ಚಲ ಹಂಡೆಯ ನೀರು ಚೆನ್ನಾಗಿ ಕಾಯಿಸಿ, ಹದ ಮಾಡಿ, ತೊಡೆಯ ಮೇಲೆ ನಾಲ್ಕು ಚೆಂಬು ಹೆಚ್ಚೇ ಹಾಕಿ.